ಕುಸುಬಿ ಎಣ್ಣೆಯೂ ಜ್ವರದ ಗುಳಿಗೆಯೂ

ಪರೀಕ್ಷೆಯ ದಿನ ಜ್ವರದಿಂದ ಕಣ್ಣು ಕೆಂಪಾಗಿದ್ದ ವಿದ್ಯಾರ್ಥಿಯೊಬ್ಬನು ಬೆಳಗಿನಿಂದ ನುಂಗಿದ ಗುಳಿಗೆಗಳ ಲೆಕ್ಕ ಹೇಳಿದಾಗ ನಮಗೆ ಗಾಬರಿಯಾಯಿತು. "ಮನ್ಯಾಗ ಗಾಣದ ಕುಸುಬಿ ಎಣ್ಣೀನ ಉಣ್ತೀವ್ರಿ ಸರ್, ಗುಳಿಗಿ ಏನೂ ಮಾಡಂಗಿಲ್ಲ ಅಂತ ಅಪ್ಪ ಹೇಳ್ಯಾನ್ರಿ" ಎಂದ.

ಈ ಮಾತು ತೀರ ಬುಡವಿಲ್ಲದ್ದೇನೂ ಅಲ್ಲ. ಇಲಿಗಳಿಗೆ ಮೊದಲು ಕರಿಜೀರಿಗೆ ಎಣ್ಣೆಯನ್ನೋ ಆಲಿವ್ ಎಣ್ಣೆಯನ್ನೋ ಕುಡಿಸಿ, ಬಳಿಕ ಪ್ಯಾರಾಸಿಟಮಾಲ್ ಮದ್ದನ್ನು ಅತಿಯಾಗಿ ಕೊಟ್ಟ ಪ್ರಯೋಗಗಳಲ್ಲಿ, ಎಣ್ಣೆ ಕುಡಿದ ಇಲಿಗಳ ಯಕೃತ್ತು ಕಡಿಮೆ ಕೆಟ್ಟದ್ದು ಕಂಡುಬಂದಿದೆ. ನಮ್ಮ ಅಕ್ಕಲಕೋಟೆ ಸೀಮೆಯ ಕುಸುಬಿ ಎಣ್ಣೆಯಲ್ಲಿಯೂ 'ಇ' ಜೀವಸತ್ವ ಹೇರಳವಾಗಿದೆ. ಅದು ಒಳ್ಳೆಯ ಆಹಾರವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಇಲಿಗೆ ಅಳೆದು ಕುಡಿಸಿದ ಎಣ್ಣೆಯೇ ಬೇರೆ, ನಾವು ಪಲ್ಯಕ್ಕೆ ಹಾಕುವ ಒಗ್ಗರಣೆಯೇ ಬೇರೆ.

ಯಕೃತ್ತಿನಲ್ಲಿ ನಡೆಯುವುದೇನೆಂದರೆ, ಪ್ಯಾರಾಸಿಟಮಾಲಿನ ಸ್ವಲ್ಪ ಭಾಗ ಅಲ್ಲಿ ವಿಷವಾಗಿ ಮಾರ್ಪಡುತ್ತದೆ. ಗ್ಲುಟಾಥಯೋನ್ ಎಂಬ ವಸ್ತು ಕೂಡಲೇ ಅದನ್ನು ಅಡಗಿಸುತ್ತದೆ. ಗುಳಿಗೆ ಮಿತಿಮೀರಿದರೆ ಈ ದಾಸ್ತಾನು ಬರಿದಾಗಿ ಯಕೃತ್ತಿನ ಜೀವಕೋಶಗಳು ಸಾಯತೊಡಗುತ್ತವೆ. ಮೊದಲ ದಿನ ಹೊಟ್ಟೆ ತೊಳಸಿದಂತಾಗಬಹುದು, ಇಲ್ಲವೆ ಏನೂ ತಿಳಿಯದಿರಬಹುದು, ಮೋಸವಿರುವುದೇ ಇಲ್ಲಿ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿಮದ್ದು ಆಸ್ಪತ್ರೆಯಲ್ಲಿದೆ. 8 ತಾಸಿನೊಳಗೆ ಕೊಟ್ಟರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಎಣ್ಣೆ ಕುಡಿಸಿ ಕಾಯುತ್ತ ಕುಳಿತರೆ ಆ ಹೊತ್ತು ಕಳೆದುಹೋಗುತ್ತದೆ.

ಆರೋಗ್ಯವಂತ ದೊಡ್ಡವರಿಗೇ ದಿನಕ್ಕೆ 4 ಗ್ರಾಂ, ಅಂದರೆ 500 ಮಿಲಿಗ್ರಾಮಿನ 8 ಗುಳಿಗೆ, ಮೇರೆ. ಮಕ್ಕಳಿಗೆ ತೂಕ ನೋಡಿ ವೈದ್ಯರು ಹೇಳಬೇಕು. ನೆಗಡಿಯ ಗುಳಿಗೆ, ಮೈಕೈನೋವಿನ ಗುಳಿಗೆ ಎಂದು ಹೆಸರು ಬೇರೆಯಾದರೂ ಎಷ್ಟೋ ಸಲ ಒಳಗಿರುವುದು ಇದೇ ಮದ್ದು. ಮೂರು ಬಗೆ ನುಂಗಿದವನು ಒಂದನ್ನೇ ಮೂರು ಸಲ ನುಂಗಿರುತ್ತಾನೆ. ಇನ್ನು ಬಿಸಿಲಲ್ಲಿ ನೀರಿಲ್ಲದೆ ದುಡಿದು ಸೊಂಟನೋವಿಗೆ ಡೈಕ್ಲೋಫೆನಾಕ್ ನುಂಗುವ ಪಾಲಕರು ತಮ್ಮ ಮೂತ್ರಪಿಂಡದ ಬಗೆಗೂ ಯೋಚಿಸಬೇಕು. ಆ ಮದ್ದು ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತದ್ದರಿಂದಲೇ 2006ರಲ್ಲಿ ನಮ್ಮ ದೇಶದಲ್ಲಿ ದನಗಳಿಗೆ ಅದನ್ನು ನಿಷೇಧಿಸಲಾಯಿತು.

ಶಾಲೆಯಲ್ಲಿ ಗುಳಿಗೆ ಕೊಟ್ಟರೆ ಹೆಸರು, ಹೊತ್ತು ಎರಡನ್ನೂ ನಾವೀಗ ವಹಿಯಲ್ಲಿ ಬರೆದಿಡುತ್ತಿದ್ದೇವೆ. ಮನೆಯಲ್ಲಿ ಮೊದಲೇ ಕೊಟ್ಟಿದ್ದರೆ ಪಾಲಕರು ಒಂದು ಚೀಟಿ ಕಳಿಸಲಿ. ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ, ನಾವು ಓದಿಕೊಳ್ಳುತ್ತೇವೆ.