ಊರೇ ಕರ್ತೃವಾದಾಗ: ಬೀದಿಯ ಕಲೆ ಮತ್ತು ಕನ್ನಡ ಸಂಶೋಧನೆ

ಸಾರ್ವಜನಿಕ ಕಲೆಯ ಚರ್ಚೆ ಬಹುಮಟ್ಟಿಗೆ ಮಹಾನಗರದ ಪ್ರಸಂಗಗಳಿಗೆ ಸೀಮಿತಗೊಂಡಿದೆ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿಯನ್ನಿರಿಸಿದರು. ಗುಂಡಿ ಬೇಗನೆ ಮುಚ್ಚಿತು. 2019ರಲ್ಲಿ ಗಗನಯಾತ್ರಿಯ ವೇಷದ ನಟ ಹದಗೆಟ್ಟ ರಸ್ತೆಯ ಮೇಲೆ ಚಂದ್ರನ ಮೇಲೆಂಬಂತೆ ನಡೆದಾಗಲೂ ದುರಸ್ತಿ ಆರಂಭವಾಯಿತು. ಇವು ಪರಿಣಾಮಕಾರಿ ಕೃತಿಗಳೇ. ಆದರೆ ಇಲ್ಲಿ ಕರ್ತೃ ಒಬ್ಬ, ಊರು ಪ್ರೇಕ್ಷಕ.

ಊರೇ ಕರ್ತೃವಾಗುವ ನಿದರ್ಶನಕ್ಕೆ ಬಾಗಲಕೋಟೆಯ ಹೋಳಿಯನ್ನು ನೋಡಬೇಕು. ಹಲಗೆ ಮೇಳಗಳು, ಪೇಟೆ ಪೇಟೆಗಳ ಸರದಿ, ಬಣ್ಣದ ಬ್ಯಾರೆಲ್ ಹೊತ್ತ ಬಂಡಿಗಳು ಎದುರುಬದುರಾಗಿ ನಡೆಸುವ ಓಕುಳಿ ಇವೆಲ್ಲ ತಾವಾಗಿಯೇ ಘಟಿಸುವುದಿಲ್ಲ. ವಂತಿಗೆ, ಬಂಡಿಗಳ ದಾರಿ, ಜಗಳ ಬಂದಾಗ ಹಿರಿಯರ ಮಾತು ಇವುಗಳ ಹಿಂದೆ ಬರೆಯದ ಒಂದು ಸಂವಿಧಾನವಿರುತ್ತದೆ. ಜಾನಪದ ಅಧ್ಯಯನ ಹೋಳಿಯ ಹಾಡುಗಳನ್ನು ಸಂಗ್ರಹಿಸಿತು. ಸಂಘಟನೆಯನ್ನು ಹಿನ್ನೆಲೆಯೆಂದು ಬದಿಗಿರಿಸಿತು. ಬೀಳಗಿ, ಮುಧೋಳ, ಜಮಖಂಡಿ ಪರಿಸರದ ಶ್ರೀಕೃಷ್ಣ ಪಾರಿಜಾತದ ಗತಿಯೂ ಇದೇ. ಕುಲಗೋಡ ತಮ್ಮಣ್ಣನ ಪಠ್ಯದ ಚರ್ಚೆಗೆ ದೊರೆತ ಗಮನ, ಇರುಳಿಡೀ ಬಯಲನ್ನು ರಂಗವಾಗಿಸುವ ಊರಿನ ಶ್ರಮಕ್ಕೆ ದೊರೆತಿಲ್ಲ.

ಹಬ್ಬ ರೂಢಿ, ಕಲೆಗೆ ಉದ್ದೇಶ ಬೇಕು ಎಂಬ ಆಕ್ಷೇಪ ಬರಬಹುದು. ರೂಢಿಯನ್ನೂ ಪ್ರತಿ ವರ್ಷ ಯಾರಾದರೂ ನಿರ್ಧರಿಸಿಯೇ ನಡೆಸಬೇಕು. ಉದ್ದೇಶ ಹಲವರಲ್ಲಿ ಹಂಚಿಹೋಗಿದೆ ಎಂದ ಮಾತ್ರಕ್ಕೆ ಅದು ಇಲ್ಲವೆಂದಾಗದು.

ಹಾಗೆಂದು ಇದನ್ನು ಸಮಾನತೆಯ ಉತ್ಸವವೆಂದು ಕೊಂಡಾಡುವುದೂ ಸಲ್ಲದು. ಜಾತಿವ್ಯವಸ್ಥೆ ದಲಿತರ ಪಾಲಿಗೆ ಕಟ್ಟಿಟ್ಟಿದ್ದ ಹಲಗೆ ಹೋಳಿಯಲ್ಲಿ ಇತರರ ಹೆಗಲಿಗೂ ಏರುತ್ತದೆ. ಹಬ್ಬ ಮುಗಿದ ಮರುದಿನ ಅದರೊಂದಿಗಿನ ಸಂಬಂಧ ಏನಾಗುತ್ತದೆ? ಬೀದಿ ಎಲ್ಲರದೆಂದಾಗ ಹೆಣ್ಣುಮಕ್ಕಳು ಎಲ್ಲಿ ನಿಂತಿರುತ್ತಾರೆ? ಈ ಪ್ರಶ್ನೆಗಳಿಗೆ ಹಾಡಿನ ಪಠ್ಯ ಉತ್ತರಿಸದು. ಸಂಘಟನೆಯ ಅಧ್ಯಯನ ಮಾತ್ರ ಉತ್ತರಿಸಬಲ್ಲದು.

ಇದಕ್ಕೆ ಕಾಲಾವಕಾಶವೂ ಕಡಿಮೆ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೂ ಬೀಳಗಿ ತಾಲೂಕಿನ ಹಳ್ಳಿಗಳನ್ನೂ ನುಂಗಿತು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಹೋದರು. ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಅವಕಾಶ ನೀಡಿತು. ಪರಿಹಾರದ ಲೆಕ್ಕದಲ್ಲಿ ಮನೆಗೆ, ಹೊಲಕ್ಕೆ ಬೆಲೆಯುಂಟು. ಬಂಡಿ ತಿರುಗುತ್ತಿದ್ದ ಓಣಿಗೆ, ಮೇಳ ಕೂಡುತ್ತಿದ್ದ ಕಟ್ಟೆಗೆ ಇಲ್ಲ. ಹಾಡು ಹಾಡುಗಾರರೊಡನೆ ಹೊಸ ಊರಿಗೆ ಹೋದೀತು. ಓಣಿಗಳ ಮೇಲೆ ನಿಂತ ಸರದಿ, ಓಣಿಗಳಿಲ್ಲದೆ ಉಳಿಯದು.

ಆದ್ದರಿಂದ ಈ ಭಾಗದ ಕನ್ನಡ ವಿಭಾಗಗಳು ಕ್ಷೇತ್ರಕಾರ್ಯದ ಪ್ರಶ್ನಾವಳಿಯನ್ನು ಬದಲಿಸಬೇಕಿದೆ. ಏನು ಹಾಡಿದರು ಎಂಬುದರ ಜೊತೆಗೆ ಯಾರು ಕೂಡಿಸಿದರು, ಯಾರು ಹಣ ಕೊಟ್ಟರು, ಯಾರನ್ನು ಕರೆಯಲಿಲ್ಲ ಎಂಬುದೂ ದಾಖಲಾಗಬೇಕು. ಮುಳುಗಿದ ಓಣಿಗಳ ನಕ್ಷೆಯನ್ನು ಬರೆಸಿಕೊಡಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.