ಮೊದಲು ಅರ್ಧ ಗಂಟೆ ಕೊಡಿ

ಹೆಂಗಸರು ಯಾವ ಕಷ್ಟ ಹೇಳಿಕೊಂಡರೂ ಈಗ ಸಿಗುವ ಉತ್ತರ ಒಂದೇ. ಸೊಂಟ ನೋವೇ? ಯೋಗ ಮಾಡಿ. ರಾತ್ರಿ ನಿದ್ದೆ ಹತ್ತುವುದಿಲ್ಲವೇ? ಪ್ರಾಣಾಯಾಮ ಮಾಡಿ. ಮಾತು ಮಾತಿಗೂ ಸಿಟ್ಟು ಬರುತ್ತದೆಯೇ? ಧ್ಯಾನಕ್ಕೆ ಕೂರಬಾರದೇ! ಹೀಗೆ ಹೇಳುವವರು ಹೆಚ್ಚಾಗಿ ಕೈಗೆ ಕಾಫಿ ಲೋಟ ಬಂದ ಮೇಲೆ ಪೇಪರು ಬಿಡಿಸಿ ಕೂತವರು. ಆ ಲೋಟ ತೊಳೆಯಬೇಕಾದವಳು ಧ್ಯಾನಕ್ಕೆ ಎಲ್ಲಿ, ಎಷ್ಟು ಹೊತ್ತಿಗೆ ಕೂರಬೇಕು ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಯೋಗವನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಬೆಂಗಳೂರಿನ ಈ ಗದ್ದಲದಲ್ಲಿ ಹದಿನೆಂಟು ವರ್ಷದಿಂದ ಅದನ್ನು ಬಿಡದೆ ಮಾಡಿಕೊಂಡು ಬಂದವಳು ನಾನು. ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತ ಹೋದರೆ ಎದೆಬಡಿತ ತಗ್ಗುತ್ತದೆ, ಬಿಗಿದ ಭುಜ ಸಡಿಲವಾಗುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ, ಶರೀರದ ನಡವಳಿಕೆಯೇ ಹಾಗೆ. ಬಹುಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ಉಪಾಯಗಳ ಪಟ್ಟಿಯನ್ನು 2017ರಲ್ಲಿ ಅಮೆರಿಕದ ವೈದ್ಯರ ಸಂಘವೊಂದು ಕೊಟ್ಟಿತು. ಅದರಲ್ಲಿ ಯೋಗವೂ ಇತ್ತು, ಮೈಂಡ್‌ಫುಲ್‌ನೆಸ್ ಅಭ್ಯಾಸವೂ ಇತ್ತು. ನಮ್ಮ ನಿಮ್ಹಾನ್ಸ್‌ನಲ್ಲಿಯೂ ಔಷಧಿಯ ಜೊತೆಗೆ ಯೋಗ ಕಲಿಸುತ್ತಾರೆ. ಹಾಗಾಗಿ ಅದರಿಂದ ಉಪಯೋಗವಿದೆಯೇ ಎಂಬ ಚರ್ಚೆ ನನಗೆ ಬೇಡ. ಉಪಯೋಗವಿದೆ. ನನ್ನ ಜಗಳ ಬೇರೆ. ಯೋಗಕ್ಕೆ ಮೊದಲು ಬೇಕಾದದ್ದು ಚಾಪೆಯಲ್ಲ, ಹೊತ್ತು. ಆ ಹೊತ್ತನ್ನು ಹೆಂಗಸಿಗೆ ಬಿಟ್ಟುಕೊಡಲು ಮನೆಯೂ ತಯಾರಿಲ್ಲ, ಊರೂ ತಯಾರಿಲ್ಲ. ಬಿಟ್ಟುಕೊಡದೆಯೇ ಉಪದೇಶ ಮಾಡುತ್ತಾರಲ್ಲ, ಅದು ನನಗೆ ಸಹಿಸುವುದಿಲ್ಲ.

ಲೆಕ್ಕ ಬೇಕಾದವರಿಗೆ ಲೆಕ್ಕವನ್ನೇ ಕೊಡುತ್ತೇನೆ. ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರ 2019ರಲ್ಲಿ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಅಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ. ಗಂಡಸರು 97 ನಿಮಿಷ. ಪರವಾಗಿಲ್ಲವೇ, ಒಂದೂವರೆ ಗಂಟೆ ಮಾಡುತ್ತಾರಲ್ಲ ಎಂದು ಸಂತೋಷಪಡಬೇಡಿ. ಅದು ಕೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ ಮಾತ್ರ, ಹಾಗೆ ಕೈ ಹಾಕಿದವರು ನೂರಕ್ಕೆ 26 ಮಂದಿ. ಉಳಿದ 74 ಮಂದಿಯದು ಸೊನ್ನೆ. 2024ರಲ್ಲಿ ಮತ್ತೆ ಸಮೀಕ್ಷೆಯಾಯಿತು. ನಮ್ಮದು 289ಕ್ಕೆ ಇಳಿದಿತ್ತು, ಅವರದು 88ಕ್ಕೆ. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಮಿಕ್ಕಿತು, ಅವರಿಗೆ ಒಂಬತ್ತು ನಿಮಿಷ. ನಮಗೆ ಮಿಕ್ಕಿದ್ದು ಮಿಕ್ಸಿಯಿಂದಲೋ, ವಾಷಿಂಗ್ ಮೆಷಿನ್ನಿನಿಂದಲೋ ಇರಬಹುದು, ಅವರಿಂದಂತೂ ಅಲ್ಲ.

ಇದಕ್ಕೆ ಒಂದು ಸಿದ್ಧ ಉತ್ತರವಿದೆ. 'ನಾಲ್ಕೂವರೆಗೆ ಎದ್ದರಾಯಿತು, ಬ್ರಾಹ್ಮೀ ಮುಹೂರ್ತ!' ಎನ್ನುತ್ತಾರೆ. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ರಾತ್ರಿ ಎಲ್ಲರ ಊಟ ಮುಗಿಸಿ, ಸಿಂಕು ಖಾಲಿ ಮಾಡಿ, ದೋಸೆಹಿಟ್ಟು ಎತ್ತಿಟ್ಟು, ಗ್ಯಾಸ್ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ ಅವಳು ಮಲಗುವುದು ಹನ್ನೊಂದೂವರೆಗೆ. ನಾಲ್ಕೂವರೆಗೆ ಎದ್ದರೆ ನಿದ್ದೆ ಐದು ಗಂಟೆ. ಹೀಗೆ ಆರು ತಿಂಗಳು ನಡೆದರೆ ಸಿಟ್ಟು, ತಲೆನೋವು, ಮರೆವು ಎಲ್ಲ ಬರುತ್ತವೆ. ಬಂದಾಗ ಅದಕ್ಕೂ ಯೋಗ ಮಾಡಿ ಎನ್ನುವವರು ಇದ್ದೇ ಇದ್ದಾರೆ. ಬ್ರಾಹ್ಮೀ ಮುಹೂರ್ತ ಒಳ್ಳೆಯದೇ ಇರಬಹುದು. ಆದರೆ ಅದು ರಾತ್ರಿ ಒಂಬತ್ತಕ್ಕೆ ಮಲಗುವವರ ಮುಹೂರ್ತ.

ಇನ್ನೊಂದು ವಾದ ಇದಕ್ಕಿಂತ ಹಳೆಯದು. 'ನಿಮಗೆ ಬೇರೆ ವ್ಯಾಯಾಮ ಯಾಕೆ? ಕಸ ಗುಡಿಸುವುದು, ನೆಲ ಒರೆಸುವುದು, ಬಟ್ಟೆ ಹಿಂಡುವುದು, ಎಲ್ಲವೂ ಆಸನಗಳೇ!' ಒಂದೇ ಬದಿಗೆ ಬಾಗಿ ನೆಲ ಒರೆಸುವುದು ಆಸನವಾಗಿದ್ದರೆ ನಮ್ಮ ಮನೆಗೆಲಸಕ್ಕೆ ಬರುವಾಕೆ ಮಹಾಯೋಗಿನಿಯಾಗಬೇಕಿತ್ತು. ಅವಳು ನಲವತ್ತಕ್ಕೇ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಾಳೆ. ಆಸನದಲ್ಲಿ ಬಲಕ್ಕೆ ಬಾಗಿದರೆ ಎಡಕ್ಕೂ ಬಾಗುತ್ತೇವೆ, ಮುಂದಕ್ಕೆ ಬಗ್ಗಿದರೆ ಹಿಂದಕ್ಕೂ ಬಗ್ಗುತ್ತೇವೆ, ನಡುವೆ ನಿಂತು ಉಸಿರು ನೋಡುತ್ತೇವೆ. ಒಲೆಯ ಮುಂದೆ ಎರಡು ಗಂಟೆ ನಿಲ್ಲುವುದರಲ್ಲಿ ಇದ್ಯಾವುದು ಇದೆ?

ಈಗೀಗ ಮೈಂಡ್‌ಫುಲ್‌ನೆಸ್ ಬಂದಿದೆ. ಮಾಡುವ ಕೆಲಸದಲ್ಲಿಯೇ ಪೂರ್ತಿ ಮನಸ್ಸಿಡುವುದು ಎಂದು ಅರ್ಥ ಹೇಳುತ್ತಾರೆ. ಸಾವಧಾನ ಎನ್ನೋಣ. (ಮದುವೆ ಮಂಟಪದಲ್ಲಿ ಪುರೋಹಿತರು ಕೂಗಿ ಕೂಗಿ ಹೇಳಿದ ಮಾತು ಅದೇ, ಅಂದು ನಾವು ಅಷ್ಟಾಗಿ ಗಮನ ಕೊಡಲಿಲ್ಲ.) ಇದರ ಬೇರು ಬೌದ್ಧರ ಧ್ಯಾನದಲ್ಲಿದೆ. ಅದನ್ನು ಆಸ್ಪತ್ರೆಯೊಳಗೆ ತಂದವರು ಅಮೆರಿಕದ ಜಾನ್ ಕಬಾತ್ ಜಿನ್. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಬಹುಕಾಲದ ನೋವಿನಿಂದ ನರಳುವವರಿಗಾಗಿ ಶುರು ಮಾಡಿದರು. ಎಂಟು ವಾರದ ಶಿಕ್ಷಣ. ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯ ಅಭ್ಯಾಸ, ವಾರದಲ್ಲಿ ಆರು ದಿನ. ಈ ಮುಕ್ಕಾಲು ಗಂಟೆಯ ಷರತ್ತು ಅಮೆರಿಕದಿಂದ ನಮ್ಮ ಮಾಸಪತ್ರಿಕೆಗಳಿಗೆ ಬರುವ ದಾರಿಯಲ್ಲಿ ಎಲ್ಲಿಯೋ ಬಿದ್ದುಹೋಗಿದೆ. ನಮಗೆ ಸಿಕ್ಕಿದ್ದು 'ಪಾತ್ರೆ ತೊಳೆಯುವಾಗಲೂ ಧ್ಯಾನ ಮಾಡಬಹುದು' ಎಂಬ ತುಂಡು ಮಾತ್ರ.

ಪಾತ್ರೆಯ ಈ ಮಾತನ್ನು ಜಗತ್ತಿಗೆಲ್ಲ ಪರಿಚಯಿಸಿದವರು ವಿಯೆಟ್ನಾಮಿನ ಬೌದ್ಧ ಸನ್ಯಾಸಿ ಥಿಕ್ ನ್ಯಾಟ್ ಹಾನ್. 2022ರಲ್ಲಿ ತೀರಿಕೊಂಡರು. ದೊಡ್ಡವರು, ಅವರ ಮೇಲೆ ನನಗೆ ಗೌರವವಿದೆ. ಆದರೆ ಒಂದು ಸೂಕ್ಷ್ಮ ನೋಡಿ. ಅವರ ಮಠಗಳಲ್ಲಿ ಪಾತ್ರೆ ತೊಳೆಯುವುದೂ, ಅಡಿಗೆ ಮಾಡುವುದೂ ಎಲ್ಲರೂ ಹಂಚಿಕೊಂಡು ಮಾಡುವ ಕೆಲಸ. ಅಲ್ಲಿ ಒಬ್ಬರು ತೊಳೆಯುತ್ತಿದ್ದರೆ ಇನ್ನೊಬ್ಬರು ಒಳಗಿನಿಂದ 'ಏ, ನನ್ನ ಕನ್ನಡಕ ಎಲ್ಲಿ?' ಎಂದು ಕೂಗುವುದಿಲ್ಲ. ಐದು ಜನರ ತಟ್ಟೆ, ಹಾಲಿನ ಪಾತ್ರೆ, ತಳಹಿಡಿದ ಕುಕ್ಕರು ಎಲ್ಲವೂ ಒಬ್ಬಳದೇ ಪಾಲಿಗೆ ಬಂದಾಗ ಅವಳಿಗೆ 'ನೊರೆಯನ್ನು ನೋಡು, ನೀರಿನ ಸ್ಪರ್ಶವನ್ನು ಅನುಭವಿಸು' ಎಂದು ಹೇಳುವುದು ಚೇಷ್ಟೆಯಲ್ಲದೆ ಮತ್ತೇನು? ನೀವೇ ಒಂದು ವಾರ ಅನುಭವಿಸಿ ನೋಡಿ ಸ್ವಾಮಿ, ಆಮೇಲೆ ಮಾತಾಡೋಣ.

ಯೋಗ ಬರೀ ಮನೋಬಲದಿಂದ ಬೆಳೆಯಿತು ಎಂದು ತಿಳಿದವರಿಗೆ ನಮ್ಮ ಮೈಸೂರಿನ ಕಥೆ ಹೇಳಬೇಕು. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತಿರುಮಲೈ ಕೃಷ್ಣಮಾಚಾರ್ಯರಿಗೆ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಜಾಗ ಕೊಟ್ಟರು, ಅರಮನೆಯ ಆಶ್ರಯ ಕೊಟ್ಟರು. 'ಯೋಗ ಮಕರಂದ' ಎಂಬ ಅವರ ಪುಸ್ತಕ 1934ರಲ್ಲಿ ಕನ್ನಡದಲ್ಲಿಯೇ ಬಂತು. ಕೋಲಾರದ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು, ಹಾಸನದ ಕಡೆಯ ಪಟ್ಟಾಭಿ ಜೋಯಿಸರು, ಇಂದು ಲೋಕವೆಲ್ಲ ಹೆಸರು ಹೇಳುವ ಇವರಿಬ್ಬರೂ ಆ ಗುರುವಿನ ಶಿಷ್ಯರೇ. ಜಾಗ, ಗುರು, ಪೋಷಣೆ, ಬಿಡುವು ಎಲ್ಲವೂ ಇದ್ದುದರಿಂದ ಅಲ್ಲೊಂದು ವಿದ್ಯೆ ತಲೆಯೆತ್ತಿತು. ಕಲಿತವರು ಹೆಚ್ಚಾಗಿ ಹುಡುಗರು. ರೀಗಾ ಪಟ್ಟಣದಲ್ಲಿ ಹುಟ್ಟಿದ, ಮುಂದೆ ಇಂದ್ರಾದೇವಿ ಎಂದು ಹೆಸರಾದ ಹೆಣ್ಣುಮಗಳು ಬಂದು ಕೇಳಿದಾಗ ಕೃಷ್ಣಮಾಚಾರ್ಯರು ಮೊದಲು ಆಗುವುದಿಲ್ಲ ಎಂದುಬಿಟ್ಟರು. ಮಹಾರಾಜರು ನಡುವೆ ಬಂದು ಹೇಳಿದ ಮೇಲೆ ಒಪ್ಪಿದರು. ಆಕೆ ಕಲಿತು ಹೋಗಿ ಮುಂದೆ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದರು. ಒಬ್ಬ ಹೆಂಗಸು ಯೋಗ ಕಲಿಯಲು ಮಹಾರಾಜರ ಶಿಫಾರಸು ಬೇಕಾಯಿತು! ನಮಗೆ ಮಹಾರಾಜರ ಮಾತು ಬೇಡ, ಮನೆಯ ಯಜಮಾನರು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿದರೆ ಸಾಕು.

ನನ್ನ ಅಕ್ಕನ ಮಗಳದು ಕಂಪನಿ ಕೆಲಸ. ಅವಳ ಆಫೀಸಿನಲ್ಲಿ ಪ್ರತಿ ಜೂನ್ 21ಕ್ಕೆ ಯೋಗ ದಿನಾಚರಣೆ ನಡೆಯುತ್ತದೆ. ವಿಶ್ವಸಂಸ್ಥೆ 2014ರಲ್ಲಿ ಒಪ್ಪಿ, 2015ರಿಂದ ನಡೆಯುತ್ತಿರುವ ಆಚರಣೆ ಅದು, ಒಳ್ಳೆಯದೇ. ಎಲ್ಲರಿಗೂ ಬಿಳಿ ಟೀ ಶರ್ಟು, ನೀಲಿ ಚಾಪೆ, ಒಂದು ಬಾಳೆಹಣ್ಣು. 'ಒತ್ತಡ ನಿರ್ವಹಣೆ' ಎಂಬ ಭಾಷಣ ಬೇರೆ. ಅದೇ ದಿನ ರಾತ್ರಿ ಒಂಬತ್ತೂವರೆಗೆ ಫೋನಿನಲ್ಲಿ ಮೀಟಿಂಗು. ಮಗುವಿಗೆ ಒಂದು ಕೈಯಲ್ಲಿ ಮೊಸರನ್ನ ತಿನ್ನಿಸುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದು 'ಆಗಲಿ ಸಾರ್' ಎನ್ನುತ್ತಿದ್ದಳು. 'ಚಿಕ್ಕಮ್ಮ, ಒತ್ತಡ ಕೊಡೋರೂ ಅವರೇ, ನಿರ್ವಹಣೆ ಹೇಳಿಕೊಡೋರೂ ಅವರೇ' ಎಂದಳು. ಬಾಳೆಹಣ್ಣನ್ನು ಮಗುವಿಗೆ ತಂದಿದ್ದಳು. ಅದನ್ನೂ ತಾನು ತಿಂದಿರಲಿಲ್ಲ.

ಇದೆಲ್ಲಕ್ಕಿಂತ ನನ್ನನ್ನು ಕಂಗೆಡಿಸುವುದು ಇನ್ನೊಂದಿದೆ. ನಮ್ಮ ಬೀದಿಯ ಒಬ್ಬಾಕೆ ವರ್ಷವಿಡೀ 'ಸುಸ್ತು, ಸುಸ್ತು' ಎನ್ನುತ್ತಿದ್ದರು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಮನೆಯವರು, ನೆಂಟರು, ಟೀವಿಯವರು ಎಲ್ಲರೂ ಸೇರಿ ಅವರಿಗೆ ಪ್ರಾಣಾಯಾಮ ಹೇಳಿದರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏಳು! ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆ 2019ರಿಂದ 2021ರವರೆಗೆ ನಡೆಯಿತು. ಅದರ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ದೇಶದಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ, ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48 ಮಂದಿಗೆ. ಮೂಗಿನ ಹೊಳ್ಳೆ ಎಷ್ಟು ಮುಚ್ಚಿ ತೆರೆದರೂ ರಕ್ತಕ್ಕೆ ಕಬ್ಬಿಣ ಬರುವುದಿಲ್ಲ. ಥೈರಾಯ್ಡ್ ಏರುಪೇರಾದರೂ ಹೀಗೆಯೇ ಸುಸ್ತು, ಹೀಗೆಯೇ ಬೇಸರ. ಹೆಂಗಸು ದಣಿದಿದ್ದೇನೆ ಎಂದರೆ ಮೊದಲು ರಕ್ತ ನೋಡಿ, ತಟ್ಟೆ ನೋಡಿ, ಅವಳು ಮಲಗುವ ಗಂಟೆ ನೋಡಿ. ಉಸಿರಿನ ವಿಷಯ ಆಮೇಲೆ. 'ಎಲ್ಲ ಮನಸ್ಸಿನಲ್ಲಿದೆ' ಎನ್ನುವ ಮಾತು ಕೇಳಲು ವೇದಾಂತದಂತಿದ್ದರೂ ಎಷ್ಟೋ ಸಲ ಅದು ಲ್ಯಾಬಿನ ಖರ್ಚು ಉಳಿಸುವ ಉಪಾಯ.

ಸಹಿಸಿಕೊಳ್ಳುವ ಶಕ್ತಿ ಬರಲಿ ಎಂದು ನಮಗೆ ಯೋಗ ಹೇಳುತ್ತಾರೆಂದು ನನ್ನ ಗುಮಾನಿ. ಪತಂಜಲಿ ಹೇಳುವ ಎಂಟು ಅಂಗಗಳಲ್ಲಿ ಆಸನ ಮೂರನೆಯದು, ಅದಕ್ಕೆ ಅವನು ಕೊಟ್ಟದ್ದು ಮೂರೇ ಸೂತ್ರ. ಮೊಟ್ಟಮೊದಲು ಬರುವುದು ಯಮ, ಅದರಲ್ಲಿಯೂ ಮೊದಲನೆಯದು ಅಹಿಂಸೆ. ಹೆಂಡತಿಗೆ ಯೋಗ ಹೇಳುವ ಮಹನೀಯರು ಈ ಮೊದಲನೆಯ ಪಾಠವನ್ನು ತಾವು ಇಟ್ಟುಕೊಂಡು, ಮೂರನೆಯದನ್ನು ಅವಳಿಗೆ ಬಿಡಲಿ. ಮನೆಯ ಗಲಾಟೆ ಅರ್ಧಕ್ಕೆ ಇಳಿಯುತ್ತದೆ.

ನಮ್ಮ ಬಡಾವಣೆಯಲ್ಲಿ ನಾವು ಏನು ಮಾಡಿದೆವು ಎಂದು ಕೇಳುವವರಿಗೆ ಹೇಳುತ್ತೇನೆ. ಪಾರ್ಕಿನ ಯೋಗದ ಗುಂಪು ಬೆಳಿಗ್ಗೆ ಆರಕ್ಕೆ. ಆರಕ್ಕೆ ಯಾವ ಹೆಂಗಸು ಬರುತ್ತಾಳೆ? ಡಬ್ಬಿ ಯಾರು ಕಟ್ಟಬೇಕು? ಹತ್ತೂವರೆಗೆ ನಾವು ಬಿಡುವಾಗಿ ಹೋದರೆ ಗೇಟಿಗೆ ಬೀಗ. ವರ್ಷಗಟ್ಟಲೆ ಹೀಗೆಯೇ ನಡೆಯಿತು. ಕೊನೆಗೆ ನಮ್ಮ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಿನಲ್ಲಿ, ಹನ್ನೊಂದಕ್ಕೆ ಸೇರಲು ಶುರು ಮಾಡಿದೆವು. ನೌಕರಿಗೆ ಹೋಗುವವರಿಗೆ ಭಾನುವಾರ, ಅಂದು ಬೆಳಿಗ್ಗೆ ಏಳಕ್ಕೆ. ತಿಂಡಿ ಮನೆಯ ಉಳಿದವರದು, ಅದೇ ಷರತ್ತು. ನೀಲಿ ಚಾಪೆ ಯಾರ ಹತ್ತಿರವೂ ಇಲ್ಲ, ಹಳೆಯ ಜಮಖಾನೆಗಳಿವೆ. ಮೇಲೆ ಬರುವಾಗ ಫೋನು ಕೆಳಗೆ ಬಿಟ್ಟು ಬರಬೇಕು. ಮೊದಲ ತಿಂಗಳು ಹತ್ತು ನಿಮಿಷಕ್ಕೊಮ್ಮೆ ಕೆಳಗಿನಿಂದ ಕೂಗು ಬರುತ್ತಿತ್ತು: 'ಅಮ್ಮಾ, ಟವೆಲ್!' 'ಏನೇ, ಯಾರೋ ಬಂದಿದ್ದಾರೆ!' ಯಾರೂ ಉತ್ತರ ಕೊಡಬಾರದು ಎಂದು ಮಾತಾಡಿಕೊಂಡೆವು. ಎರಡನೇ ತಿಂಗಳಿಗೆ ಟವೆಲು ತಾನಾಗಿ ಸಿಗತೊಡಗಿತು. ಒಂದು ಮನೆಯಲ್ಲಿ ಅತ್ತೆಯವರು ತಾವೇ ಮೆಟ್ಟಿಲ ಬುಡದಲ್ಲಿ ಕೂತು ಕೂಗುವವರನ್ನು ತಡೆಯುತ್ತಿದ್ದರು. 'ನನ್ನ ಕಾಲಕ್ಕೆ ಇದೊಂದು ಇರಲಿಲ್ಲ ನೋಡು' ಎಂದರಂತೆ ಆ ಹಿರಿಯರು.

ಸೂರ್ಯನಮಸ್ಕಾರ ಎಲ್ಲರೂ ಬೇಗ ಕಲಿತರು. ಬಗ್ಗುವುದು, ಏಳುವುದು ನಮಗೆ ಹೊಸದೇ? ಎಲ್ಲಕ್ಕಿಂತ ಕಷ್ಟವಾದದ್ದು ಶವಾಸನ. ಹಗಲು ಹೊತ್ತಿನಲ್ಲಿ, ಮನೆ ಎಚ್ಚರವಾಗಿರುವಾಗ, ಏನೂ ಮಾಡದೆ ಅಂಗಾತ ಮಲಗುವುದು! ಒಬ್ಬರಿಗೆ ಕಾಲು ಚಾಚಲು ಸಂಕೋಚ, ಇನ್ನೊಬ್ಬರು ಸೆರಗು ಎಳೆದುಕೊಂಡೇ ಇರುತ್ತಾರೆ, ಮತ್ತೊಬ್ಬರು ಕಣ್ಣು ಮುಚ್ಚಿದವರು ತಟ್ಟನೆ ಎದ್ದು ಕೂತು 'ಹಾಲು ಒಳಗಿಟ್ಟೆನೋ ಇಲ್ಲವೋ' ಎನ್ನುತ್ತಾರೆ. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮಲಗುತ್ತಿದ್ದೆವು. ಐದು ನಿಮಿಷ ನಿಶ್ಚಿಂತೆಯಿಂದ ಮಲಗುವುದಕ್ಕೆ ನಮಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು ಬೇಕಾಯಿತು. ಕಳೆದ ವಾರ ರಕ್ತಹೀನತೆಯ ಆ ಗೆಳತಿ (ಈಗ ಮಾತ್ರೆಯಿಂದ ಹತ್ತೂವರೆಗೆ ಏರಿದ್ದಾರೆ) ಶವಾಸನದಲ್ಲಿಯೇ ನಿದ್ದೆ ಹೋದರು. ಸಣ್ಣಗೆ ಗೊರಕೆ. ನಾವು ಜಮಖಾನೆಗಳನ್ನು ಸದ್ದಾಗದಂತೆ ಸುತ್ತಿಕೊಂಡೆವು. ಟ್ಯಾಂಕಿನ ನೆರಳು ಸರಿಯುತ್ತಿತ್ತು. ಬಿಸಿಲು ಮುಖಕ್ಕೆ ಬೀಳದಂತೆ ಒಬ್ಬರು ಹಗ್ಗದ ಮೇಲಿದ್ದ ಬೆಡ್‌ಶೀಟನ್ನು ಆ ಕಡೆಗೆ ಎಳೆದು ಹರಡಿದರು. ಹನ್ನೆರಡೂವರೆಗೆ ಅವರ ಮನೆಯವರು ಅಡಿಗೆ ಏನು ಎಂದು ಕೇಳಿಕೊಂಡು ಬಂದರು. ಅನ್ನಕ್ಕಿಡಿ, ಆಕೆ ಎದ್ದ ಮೇಲೆ ಬರುತ್ತಾರೆ ಎಂದು ಹೇಳಿ ಕಳಿಸಿದೆವು.