ಬೆದರಿಕೆಗೆ ಮಣಿದರೆ

2015ರ ಫೆಬ್ರವರಿ 26ರ ರಾತ್ರಿ ಢಾಕಾದ ಏಕುಶೇ ಪುಸ್ತಕ ಮೇಳದಿಂದ ಪತ್ನಿಯೊಂದಿಗೆ ಹೊರಬಂದ ಬ್ಲಾಗ್ ಬರಹಗಾರ ಅಭಿಜಿತ್ ರಾಯ್ ಅವರನ್ನು ನಡುರಸ್ತೆಯಲ್ಲೇ ಮಚ್ಚಿನಿಂದ ಕೊಚ್ಚಿ ಕೊಂದರು. ಪತ್ನಿ ರಫೀದಾ ಬದುಕುಳಿದರು, ಹೆಬ್ಬೆರಳು ಕಳೆದುಕೊಂಡರು. ಅದೇ ವರ್ಷ ಬ್ಲಾಗ್ ಬರಹಗಾರರಾದ ವಾಶಿಕುರ್ ರೆಹಮಾನ್, ಅನಂತ ಬಿಜಯ್ ದಾಸ್, ನಿಲೊಯ್ ನೀಲ್ ಒಬ್ಬರ ಹಿಂದೊಬ್ಬರಂತೆ ಹತರಾದರು. ರಾಯ್ ಪುಸ್ತಕಗಳ ಪ್ರಕಾಶಕ ದೀಪನ್ ಅವರನ್ನೂ ಬಿಡಲಿಲ್ಲ.

ರಾಯ್ ಬರಹಗಳ ಮೇಲಿನ ಹಗೆ ಅಂದು ಒಮ್ಮೆಲೇ ಎದ್ದದ್ದಲ್ಲ. ಹಿಂದಿನ ವರ್ಷವೇ ಫೇಸ್‌ಬುಕ್‌ನಲ್ಲಿ ಒಬ್ಬಾತ ಹಾಕಿದ ಬೆದರಿಕೆಗೆ ಹೆದರಿ ಅಲ್ಲಿನ ಆನ್‌ಲೈನ್ ಪುಸ್ತಕ ಮಳಿಗೆಯೊಂದು ಅವರ ಕೃತಿಗಳನ್ನು ಮಾರಾಟದಿಂದ ತೆಗೆದುಹಾಕಿತ್ತು. ಬೆದರಿಸಿದರೆ ಕೆಲಸವಾಗುತ್ತದೆ ಎಂಬುದು ಆಗಲೇ ಎಲ್ಲರಿಗೂ ಗೊತ್ತಾಗಿತ್ತು.

ಇದು ಪಕ್ಕದ ದೇಶದ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಮನೆಬಾಗಿಲಲ್ಲೇ ಗುಂಡಿಕ್ಕಿ ಕೊಂದರು. 2017ರಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದಾಗ ಜಾಲತಾಣಗಳಲ್ಲಿ ಸಂಭ್ರಮಿಸಿದವರೂ ಇದ್ದರು. ಅದು ನಾಚಿಕೆಗೇಡು.

ಬರಹ ಒಪ್ಪಿಗೆಯಾಗದಿದ್ದರೆ ಖಂಡಿಸಿ, ತಪ್ಪನ್ನು ಎತ್ತಿ ತೋರಿಸಿ, ಕಾನೂನು ಮೀರಿದೆ ಎನಿಸಿದರೆ ನ್ಯಾಯಾಲಯಕ್ಕೆ ಹೋಗಿ. ಜೀವ ಬೆದರಿಕೆಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ಪೊಲೀಸರಿಗೆ ತಿಳಿಸಿ.